ಸಂಶೋಧನೆಯ ಸುದ್ದಿಯನ್ನು ಮೂಲ ಪ್ರಬಂಧದಲ್ಲಿ ಓದುವುದು ಹೇಗೆ: ಗಣಿತ, ತೈಲ, ಮೀನು, ಶ್ವಾಸಕೋಶ

"ಹೊಸ ಸಂಶೋಧನೆಯಿಂದ ಸಾಬೀತಾಗಿದೆ" ಎಂದು ಆರಂಭವಾಗುವ ಸುದ್ದಿಯ ತುಣುಕನ್ನು ಕಳುಹಿಸಿ, ಇದನ್ನು ನಂಬಬಹುದೇ ಎಂದು ಕೇಳುವ ಓದುಗರು ಬಹಳ. ಸಿಗಡಿ ಹೊಂಡಕ್ಕೆ ಸುರಿಯುವ ಹೊಸ ಪ್ರೊಬಯಾಟಿಕ್ ಬಗ್ಗೆ ಒಬ್ಬರು ಕೇಳಿದರೆ, ತಂದೆಯ ಶ್ವಾಸಕೋಶದ ಕಾಯಿಲೆಗೆ ಬಂದಿರುವ ಮಾತ್ರೆಯ ಬಗ್ಗೆ ಇನ್ನೊಬ್ಬರು ಕೇಳುತ್ತಾರೆ. ಹಳೆಯ ಬಾವಿಯಿಂದ ಮತ್ತಷ್ಟು ತೈಲ ಎತ್ತುವ ರಾಸಾಯನಿಕದ ಬಗ್ಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳುತ್ತಾರೆ, ಶತಮಾನದ ಗಣಿತ ಸಮಸ್ಯೆಯನ್ನು ಯಾರೋ ಬಿಡಿಸಿದರಂತೆ ನಿಜವೇ ಎಂದು ನಿವೃತ್ತ ಮೇಷ್ಟರು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಇಂಥ ಸುದ್ದಿ ಕಂಡಾಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಈ ನಾಲ್ಕು ಕ್ಷೇತ್ರಗಳನ್ನು ಒಟ್ಟಿಗೆ ಇಟ್ಟುಕೊಂಡದ್ದರಿಂದ ಒಂದು ಅನುಕೂಲವಿದೆ. "ಸಾಬೀತು" ಎಂಬ ಒಂದೇ ಪದಕ್ಕೆ ನಾಲ್ಕೂ ಕಡೆ ಬೇರೆ ಬೇರೆ ಅರ್ಥವಿರುವುದು ಹೀಗೆ ಪಕ್ಕಪಕ್ಕದಲ್ಲಿ ಇಟ್ಟಾಗ ಎದ್ದು ಕಾಣುತ್ತದೆ. ಗಣಿತಜ್ಞನ ಕೈಯಲ್ಲಿರುವುದು ತರ್ಕದ ಸರಪಳಿ. ತೈಲ ಎಂಜಿನಿಯರನ ಕೈಯಲ್ಲಿರುವುದು ನೆಲದಾಳದಿಂದ ಕೊರೆದು ತಂದ ಬೆರಳುದ್ದದ ಕಲ್ಲು. ಮೀನಿನ ರೋಗತಜ್ಞನ ಮುಂದಿರುವುದು ನೀರಿನ ತೊಟ್ಟಿಗಳು. ಶ್ವಾಸಕೋಶ ತಜ್ಞನ ಮುಂದಿರುವುದು ರೋಗಿಗಳ ಎರಡು ಗುಂಪು. ಒಂದರಲ್ಲಿ ಹೆಚ್ಚಾಗಿ ಆಗುವ ತಪ್ಪು ಇನ್ನೊಂದರಲ್ಲಿ ಅಷ್ಟಾಗಿ ಆಗದಿರಬಹುದು. ಆದ್ದರಿಂದ ಸುದ್ದಿ ನಿಜವೇ ಎಂದು ಕೇಳುವ ಮೊದಲು, ಈ ಬಗೆಯ ಕೆಲಸ ಸಾಮಾನ್ಯವಾಗಿ ಎಲ್ಲಿ ಎಡವುತ್ತದೆ ಎಂದು ಕೇಳಿಕೊಳ್ಳಬೇಕು.

ಬೇಕಾದದ್ದು ಹೆಚ್ಚೇನಿಲ್ಲ: ಇಂಟರ್ನೆಟ್ ಇರುವ ಫೋನು, ಒಂದು ನೋಟ್‌ಬುಕ್ಕು, ಕ್ಯಾಲ್ಕುಲೇಟರು, ಹೈಸ್ಕೂಲಿನಲ್ಲಿ ಕಲಿತ ಶೇಕಡಾವಾರು ಲೆಕ್ಕ, ಸುಮಾರು ಒಂದು ಗಂಟೆ ಸಮಯ. ಪ್ರಬಂಧಗಳು ಬಹುತೇಕ ಇಂಗ್ಲಿಷಿನಲ್ಲೇ ಇರುತ್ತವೆ ಎಂಬುದು ನಿಜ. ಆದರೆ ನಮಗೆ ಬೇಕಾದದ್ದರಲ್ಲಿ ಬಹುಪಾಲು ಸಿಗುವುದು ಕೋಷ್ಟಕಗಳಲ್ಲಿ, ಮತ್ತು ಕೋಷ್ಟಕ ಓದಲು ಬೇಕಾಗುವ ಇಂಗ್ಲಿಷ್ ತೀರಾ ಕಡಿಮೆ.

ಹಂತ 1: ಮೂಲ ಪ್ರಬಂಧವನ್ನು ಹಿಡಿಯಿರಿ

ಪ್ರಕಟವಾದ ಬಹುತೇಕ ಪ್ರಬಂಧಗಳಿಗೆ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಇರುತ್ತದೆ. ಅದು 10 ಮತ್ತು ಒಂದು ಚುಕ್ಕೆಯಿಂದ ಆರಂಭವಾಗುತ್ತದೆ. ಸುದ್ದಿಯ ಕೊನೆಯಲ್ಲಿ ಆ ಸಂಖ್ಯೆ ಇದ್ದರೆ ಡಿಒಐ ಜಾಲತಾಣದಲ್ಲಿ ಅದನ್ನು ಹಾಕಿ, ನೇರವಾಗಿ ಮೂಲಕ್ಕೆ ಹೋಗುತ್ತೀರಿ. ಸಂಖ್ಯೆ ಇಲ್ಲದಿದ್ದರೆ ಸಂಶೋಧಕರ ಹೆಸರು, ಪತ್ರಿಕೆಯ ಹೆಸರು ಮತ್ತು ವರ್ಷ ಹಾಕಿ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ವೈದ್ಯಕೀಯಕ್ಕೆ ಪಬ್‌ಮೆಡ್, ಗಣಿತಕ್ಕೆ ಆರ್ಕೈವ್, ತೈಲಕ್ಕೆ ಒನ್‌ಪೆಟ್ರೋ ಎಂಬ ಸಂಗ್ರಹಗಳಿವೆ.

ಇಲ್ಲಿ ಎಡವುವುದು ಹೀಗೆ: ಸುದ್ದಿಯಲ್ಲಿರುವ ಕೊಂಡಿಯನ್ನು ಒತ್ತಿದರೆ ಇನ್ನೊಂದು ಸುದ್ದಿ ತೆರೆಯುತ್ತದೆ, ಅದರಲ್ಲಿರುವ ಕೊಂಡಿ ವಿಶ್ವವಿದ್ಯಾಲಯದ ಪತ್ರಿಕಾ ಪ್ರಕಟಣೆಗೆ ಹೋಗುತ್ತದೆ, ಅಲ್ಲಿಗೆ ದಾರಿ ಮುಗಿಯುತ್ತದೆ. ಪತ್ರಿಕಾ ಪ್ರಕಟಣೆಯನ್ನು ಬರೆಯುವವರು ಪ್ರಚಾರ ವಿಭಾಗದವರು. ಅದನ್ನು ಪ್ರಬಂಧವೆಂದು ತಿಳಿಯಬೇಡಿ. ಪ್ರಬಂಧ ಹಣ ಕೇಳಿದರೆ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಸಂಪರ್ಕ ಲೇಖಕರೆಂದು ನಮೂದಿಸಿದವರಿಗೆ ಎರಡು ಸಾಲಿನ ಇಮೇಲ್ ಬರೆದರೆ ಹೆಚ್ಚಿನವರು ಪ್ರತಿಯನ್ನು ಸಂತೋಷದಿಂದಲೇ ಕಳುಹಿಸುತ್ತಾರೆ. ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರು, 2025ರ ಜನವರಿಯಲ್ಲಿ ಜಾರಿಗೆ ಬಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಡಿ ತಮ್ಮ ಸಂಸ್ಥೆಗೆ ಯಾವ ಪತ್ರಿಕೆಗಳು ಸಿಗುತ್ತಿವೆ ಎಂದು ಗ್ರಂಥಾಲಯದಲ್ಲಿ ವಿಚಾರಿಸಬಹುದು.

ಹಂತ 2: ಪ್ರಬಂಧ ಯಾವ ಸ್ಥಿತಿಯಲ್ಲಿದೆ ಎಂದು ನೋಡಿ

ಮುದ್ರಿತವಾದಂತೆ ಕಾಣುವುದೆಲ್ಲ ಪರಿಶೀಲನೆಗೆ ಒಳಪಟ್ಟಿರುವುದಿಲ್ಲ. ಪೀರ್ ರಿವ್ಯೂ ಎಂದರೆ ಅದೇ ವಿಷಯದ ಬೇರೆ ತಜ್ಞರು ಪ್ರಕಟಣೆಗೆ ಮುನ್ನ ಪ್ರಬಂಧವನ್ನು ಓದಿ ಆಕ್ಷೇಪಣೆ ಎತ್ತುವ ಪದ್ಧತಿ. ಪ್ರೀಪ್ರಿಂಟ್ ಎಂದರೆ ಆ ಪರಿಶೀಲನೆಗೆ ಮೊದಲೇ ಲೇಖಕರು ಸಾರ್ವಜನಿಕವಾಗಿ ಇಟ್ಟ ಪ್ರತಿ. ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಆರಂಭಿಸಿದ ಆರ್ಕೈವ್ ಇಂಥ ಪ್ರತಿಗಳ ಮೊದಲ ದೊಡ್ಡ ಭಂಡಾರ. ವೈದ್ಯಕೀಯದ ಮೆಡ್‌ಆರ್ಕೈವ್ ಬಂದದ್ದು 2019ರಲ್ಲಿ.

ಒಂದೇ ಹೆಸರಿನ ಈ ಪದ್ಧತಿಗೆ ಕ್ಷೇತ್ರದಿಂದ ಕ್ಷೇತ್ರಕ್ಕೆ ತೂಕ ಬೇರೆ. ಗಣಿತದಲ್ಲಿ ಪ್ರೀಪ್ರಿಂಟ್ ಇಡುವುದು ದಿನನಿತ್ಯದ ಸಂಪ್ರದಾಯ, ಅದರಲ್ಲಿರುವ ತಪ್ಪನ್ನು ನಂಬಿ ಯಾರೂ ಸಾಯುವುದಿಲ್ಲ. ಔಷಧದ ವಿಷಯದಲ್ಲಿ ಪ್ರೀಪ್ರಿಂಟ್ ಓದಿ ಮಾತ್ರೆ ಬದಲಿಸುವುದು ಅಪಾಯ. ತೈಲ ಕ್ಷೇತ್ರದಲ್ಲಿ ಇನ್ನೊಂದು ವಿಶೇಷವಿದೆ: ಸೊಸೈಟಿ ಆಫ್ ಪೆಟ್ರೋಲಿಯಂ ಎಂಜಿನಿಯರ್ಸ್ ಸಮ್ಮೇಳನಗಳಲ್ಲಿ ಮಂಡಿಸಲು ಪ್ರಬಂಧಗಳನ್ನು ಆರಿಸುವುದು ಸಾರಾಂಶವನ್ನು ನೋಡಿ. ಒಳಗಿನ ವಿಷಯವನ್ನು ಸಂಸ್ಥೆ ಪರಿಶೀಲಿಸಿಲ್ಲ ಎಂಬ ಒಕ್ಕಣೆ ಎಷ್ಟೋ ಪ್ರಬಂಧಗಳ ಮೊದಲ ಪುಟದಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದುವವರು ಕಡಿಮೆ, ಆ ಪ್ರಬಂಧವನ್ನು ಉಲ್ಲೇಖಿಸುವವರು ಮಾತ್ರ ಬಹಳ.

ಪತ್ರಿಕೆಯ ಹೆಸರು ಗಂಭೀರವಾಗಿದೆ ಎಂಬ ಕಾರಣಕ್ಕೆ ನಂಬಬೇಡಿ. ಲೇಖಕರಿಂದ ಹಣ ಪಡೆದು ಒಂದು ವಾರದಲ್ಲಿ ಏನನ್ನಾದರೂ ಪ್ರಕಟಿಸುವ ಪತ್ರಿಕೆಗಳಿವೆ. ಪ್ರಬಂಧದ ಮೊದಲ ಪುಟದಲ್ಲಿ ಅದು ಪತ್ರಿಕೆಯ ಕೈ ಸೇರಿದ ದಿನ ಮತ್ತು ಪ್ರಕಟಣೆಗೆ ಒಪ್ಪಿದ ದಿನ ಸಾಮಾನ್ಯವಾಗಿ ಅಚ್ಚಾಗಿರುತ್ತವೆ. ಪ್ರಯೋಗಾಧಾರಿತ ಪ್ರಬಂಧದಲ್ಲಿ ಆ ಎರಡರ ನಡುವೆ ಐದಾರು ದಿನ ಮಾತ್ರ ಇದ್ದರೆ ಯಾರೂ ಅದನ್ನು ಸರಿಯಾಗಿ ಓದಿರಲಾರರು.

ಹಂತ 3: ಮೊದಲಿನಿಂದ ಕೊನೆಯವರೆಗೆ ಓದಬೇಡಿ

ಸಾರಾಂಶವನ್ನು ಒಮ್ಮೆ ಓದಿ, ಅದರ ಮುಖ್ಯ ಹೇಳಿಕೆಯನ್ನು ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆದುಕೊಳ್ಳಿ. ಆಮೇಲೆ ಕೋಷ್ಟಕಗಳಿಗೆ ಹೋಗಿ, ನಂತರ ವಿಧಾನದ ಭಾಗಕ್ಕೆ, ಕೊನೆಗೆ ಲೇಖಕರು ತಾವೇ ಒಪ್ಪಿಕೊಂಡ ಮಿತಿಗಳಿಗೆ. ಪೀಠಿಕೆ ಮತ್ತು ಚರ್ಚೆಯ ಭಾಗಗಳನ್ನು ಬಿಟ್ಟರೂ ನಡೆಯುತ್ತದೆ. ಸಂಶೋಧಕರ ಆಸೆಗಳು ಹೆಚ್ಚಾಗಿ ಇರುವುದು ಆ ಎರಡರಲ್ಲಿ. ಈ ಕ್ರಮ ಗಣಿತಕ್ಕೆ ಅನ್ವಯಿಸುವುದಿಲ್ಲ.

ಹಂತ 4: ಗಣಿತವಾದರೆ, ಷರತ್ತುಗಳನ್ನು ಓದಿ ಮತ್ತು ಕಾಯಿರಿ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಗಣಿತದಲ್ಲಿ ಇಡೀ ಚೆರಿಗೆಯನ್ನು ಹಿಸುಕಿದರೂ ಸಾಲದು. ಕ್ಯಾಲ್ಕುಲೇಟರು ತೆಗೆದುಕೊಂಡು ಆಯ್ಲರನ ಪ್ರಸಿದ್ಧ ಸೂತ್ರವನ್ನು ನೀವೇ ಪರೀಕ್ಷಿಸಿ: ಒಂದು ಸಂಖ್ಯೆಯ ವರ್ಗಕ್ಕೆ ಆ ಸಂಖ್ಯೆಯನ್ನು ಕೂಡಿಸಿ, ಅದಕ್ಕೆ 41 ಸೇರಿಸಿ. 0 ಹಾಕಿದರೆ 41, 1 ಹಾಕಿದರೆ 43, 2 ಹಾಕಿದರೆ 47, 3 ಹಾಕಿದರೆ 53. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು, ಅಂದರೆ 1 ಮತ್ತು ತಮ್ಮಿಂದಲೇ ಹೊರತು ಬೇರೆ ಯಾವುದರಿಂದಲೂ ಭಾಗವಾಗದವು. 39ರವರೆಗೆ, ಅಂದರೆ ಸತತ 40 ಸಲ, ಉತ್ತರ ಅವಿಭಾಜ್ಯವೇ ಬರುತ್ತದೆ. 40 ಹಾಕಿದಾಗ ಬರುವ 1681 ಮಾತ್ರ 41ರ ವರ್ಗ. 40 ಉದಾಹರಣೆಗಳು ಒಂದೇ ಏಟಿಗೆ ಉರುಳಿದವು. ಇದು ಚಿಕ್ಕ ಆಟವೆನಿಸಿದರೆ, ಪೂರ್ಣ ಸಂಖ್ಯೆಗಳ ಬಗೆಗಿನ ಮೆರ್ಟೆನ್ಸ್ ಊಹೆಯನ್ನು ನೆನೆಯಿರಿ: ಲೆಕ್ಕ ಹಾಕಿ ನೋಡಿದ ಪ್ರತಿಯೊಂದು ಸಂಖ್ಯೆಗೂ ಅದು ಸರಿಹೊಂದುತ್ತಿತ್ತು, ಆದರೂ 1985ರಲ್ಲಿ ಓಡ್ಲಿಜ್ಕೊ ಮತ್ತು ಟೆ ರೀಲೆ ಅದು ಸುಳ್ಳೆಂದು ಸಾಧಿಸಿದರು. "ಕಂಪ್ಯೂಟರ್‌ನಲ್ಲಿ ಕೋಟ್ಯಂತರ ಸಂಖ್ಯೆಗಳಿಗೆ ಪರೀಕ್ಷಿಸಿ ಸಾಬೀತುಪಡಿಸಿದ್ದಾರೆ" ಎಂದು ಸುದ್ದಿ ಹೇಳಿದರೆ, ಅಲ್ಲಿ ಸಾಧನೆ, ಅಂದರೆ ಎಲ್ಲ ಸಂಖ್ಯೆಗಳಿಗೂ ಸಲ್ಲುವ ತರ್ಕದ ರುಜುವಾತು, ಇಲ್ಲ; ಬರಿಯ ಪರೀಕ್ಷೆ ಇದೆ.

ಸಾಧನೆಯೇ ಇದ್ದಾಗ ಸಾಮಾನ್ಯ ಓದುಗ ತರ್ಕವನ್ನು ಪರಿಶೀಲಿಸಲಾರ, ನಾನೂ ಪರಿಶೀಲಿಸಲಾರೆ. ಆದರೆ ಎರಡು ಕೆಲಸ ಮಾಡಬಹುದು.

ಮೊದಲನೆಯದು, ಪ್ರಮೇಯದ ಹೇಳಿಕೆಯನ್ನು ಅಕ್ಷರಶಃ ಓದುವುದು. 2013ರಲ್ಲಿ ಯಿಟಾಂಗ್ ಝಾಂಗ್ ಅವಳಿ ಅವಿಭಾಜ್ಯಗಳ ಸಮಸ್ಯೆಯನ್ನು ಬಿಡಿಸಿದರೆಂದು ಕೆಲವೆಡೆ ಬಂತು. 11 ಮತ್ತು 13, 17 ಮತ್ತು 19ರಂತೆ ಎರಡರ ಅಂತರವಿರುವ ಜೋಡಿಗಳು ಅನಂತವೇ ಎಂಬುದು ಆ ಸಮಸ್ಯೆ. ಝಾಂಗ್ ಸಾಧಿಸಿದ್ದು, ಅಂತರ 7 ಕೋಟಿಗಿಂತ ಕಡಿಮೆ ಇರುವ ಜೋಡಿಗಳು ಅನಂತ ಎಂಬುದನ್ನು. ಅಂಥ ಒಂದು ಮಿತಿ ಇದೆ ಎಂದು ತೋರಿಸಿದ್ದೇ ಅಸಾಧಾರಣ ಕೆಲಸ, ಮತ್ತು ಜೇಮ್ಸ್ ಮೇನಾರ್ಡ್ ಹಾಗೂ ಇತರರ ಪ್ರಯತ್ನದಿಂದ ಆ ಮಿತಿ ಬೇಗನೆ 246ಕ್ಕೆ ಇಳಿಯಿತು. ಆದರೆ 246 ಎಂದರೆ 2 ಅಲ್ಲ. ಹಾಗೆಯೇ 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನಿಶ್ಚಿತವಾಗಿ ಹೇಳುವ ದಕ್ಷ ವಿಧಾನವನ್ನು ಕೊಟ್ಟಾಗ, ಇನ್ನು ಬ್ಯಾಂಕಿನ ಗೂಢಲಿಪಿಗಳು ಮುರಿಯುತ್ತವೆ ಎಂದು ಹೆದರಿದವರಿದ್ದರು. ಸಂಖ್ಯೆ ಅವಿಭಾಜ್ಯವಲ್ಲ ಎಂದು ತಿಳಿಯುವುದು ಬೇರೆ, ಅದರ ಅಪವರ್ತನಗಳನ್ನು ಕಂಡುಹಿಡಿಯುವುದು ಬೇರೆ. ಆ ಗೂಢಲಿಪಿಗಳು ನಿಂತಿರುವುದು ಎರಡನೆಯದರ ಕಷ್ಟದ ಮೇಲೆ.

ಎರಡನೆಯದು, ಕಾಯುವುದು. ಆಂಡ್ರ್ಯೂ ವೈಲ್ಸ್ ಫರ್ಮಾನ ಕೊನೆಯ ಪ್ರಮೇಯದ ಸಾಧನೆಯನ್ನು ಕೇಂಬ್ರಿಡ್ಜ್‌ನಲ್ಲಿ 1993ರ ಜೂನ್‌ನಲ್ಲಿ ಪ್ರಕಟಿಸಿದರು. ಪರಿಶೀಲನೆಯ ವೇಳೆ ಅದರಲ್ಲಿ ನಿಜವಾದ ಬಿರುಕು ಸಿಕ್ಕಿತು. ರಿಚರ್ಡ್ ಟೇಲರ್ ನೆರವಿನೊಂದಿಗೆ 1994ರ ಸೆಪ್ಟೆಂಬರ್‌ನಲ್ಲಿ ಅದು ಮುಚ್ಚಿತು. ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಅಚ್ಚಾದದ್ದು 1995ರಲ್ಲಿ. ಗೋಳಗಳನ್ನು ಅತಿ ದಟ್ಟವಾಗಿ ಜೋಡಿಸುವ ಬಗೆಗಿನ ಕೆಪ್ಲರ್ ಊಹೆಗೆ ಥಾಮಸ್ ಹೇಲ್ಸ್ 1998ರಲ್ಲಿ ಕೊಟ್ಟ ಸಾಧನೆಯನ್ನು ವರ್ಷಗಟ್ಟಲೆ ಓದಿದ ಪರಿಶೀಲಕರು ತಮಗೆ ಶೇ 99ರಷ್ಟು ಖಾತ್ರಿಯಿದೆ ಎಂದರು. ಗಣಿತದಲ್ಲಿ ಶೇ 99 ಎಂಬ ಮಾತು ಯಾರಿಗೂ ಹಿಡಿಸುವುದಿಲ್ಲ, ಹೇಲ್ಸ್‌ಗೂ ಹಿಡಿಸಲಿಲ್ಲ. ಅವರ ತಂಡ ಪ್ರತಿ ಹೆಜ್ಜೆಯನ್ನೂ ಕಂಪ್ಯೂಟರ್ ತಾಳೆ ನೋಡುವಂತೆ ಬರೆದು 2014ರಲ್ಲಿ ಮುಗಿಸಿತು. ದೊಡ್ಡ ಸಮಸ್ಯೆಯ ಸಾಧನೆಯ ಸುದ್ದಿ ಬಂದರೆ ಕನಿಷ್ಠ ಆರು ತಿಂಗಳು ಅದನ್ನು "ಸಾಧಿಸಿದ್ದೇನೆಂದು ಹೇಳಿಕೊಂಡಿದ್ದಾರೆ" ಎಂದಷ್ಟೇ ಓದಿಕೊಳ್ಳಿ.

ಹಂತ 5: ತೈಲವಾದರೆ, "ಯಾವುದರ ಶೇಕಡಾ?" ಎಂದು ಕೇಳಿ

ಎರಡು ಪಾರಿಭಾಷಿಕ ಪದಗಳು ಮೊದಲು. ತೈಲ ಭೂಮಿಯೊಳಗೆ ಸರೋವರದಂತೆ ನಿಂತಿರುವುದಿಲ್ಲ, ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿರುತ್ತದೆ. ಕಲ್ಲಿನ ಗಾತ್ರದಲ್ಲಿ ರಂಧ್ರಗಳ ಪಾಲು ಎಷ್ಟೆಂಬುದು ಪೊರಾಸಿಟಿ; ಆ ರಂಧ್ರಗಳು ಒಂದಕ್ಕೊಂದು ಸೇರಿಕೊಂಡು ದ್ರವವನ್ನು ಎಷ್ಟು ಸಲೀಸಾಗಿ ಹರಿಯಬಿಡುತ್ತವೆ ಎಂಬುದು ಪರ್ಮಿಯಬಿಲಿಟಿ. ಎರಡನೆಯದನ್ನು ಅಳೆಯುವ ಡಾರ್ಸಿ ಎಂಬ ಮಾನಕ್ಕೆ ಆ ಹೆಸರು ಬಂದದ್ದು, ಫ್ರಾನ್ಸ್‌ನ ಡಿಜಾನ್ ನಗರದ ನೀರು ಪೂರೈಕೆಗಾಗಿ ಮರಳಿನ ಮೂಲಕ ನೀರು ಹರಿಸಿ ನಿಯಮ ಕಂಡುಹಿಡಿದು 1856ರಲ್ಲಿ ಪ್ರಕಟಿಸಿದ ಹೆನ್ರಿ ಡಾರ್ಸಿಯಿಂದ.

ಬಾವಿಯ ಸಹಜ ಒತ್ತಡ ಕುಗ್ಗಿದ ಮೇಲೆ ನೀರು ನುಗ್ಗಿಸಿ ತೈಲ ತಳ್ಳುತ್ತಾರೆ. ಅದೂ ಸಾಲದಾದಾಗ ನೀರನ್ನು ಮಂದವಾಗಿಸುವ ಪಾಲಿಮರ್, ಸಾಬೂನಿನಂತೆ ತೈಲವನ್ನು ಕಲ್ಲಿನಿಂದ ಬಿಡಿಸುವ ಸರ್ಫ್ಯಾಕ್ಟಂಟ್ ಅಥವಾ ಅನಿಲಗಳನ್ನು ಬಳಸುತ್ತಾರೆ. "ಹೊಸ ರಾಸಾಯನಿಕದಿಂದ ಶೇ 20 ಹೆಚ್ಚು ತೈಲ" ಎಂಬ ಸುದ್ದಿಗಳು ಹುಟ್ಟುವುದು ಈ ಕೊನೆಯ ಹಂತದ ಸಂಶೋಧನೆಯಿಂದ. ಲೆಕ್ಕ ಮಾಡಿ ನೋಡೋಣ. ಕಲ್ಲಿನಲ್ಲಿ ಮೊದಲಿದ್ದ ತೈಲ 100 ಪಾಲು. ನೀರು ನುಗ್ಗಿಸಿದಾಗ 45 ಬಂತು, 55 ಉಳಿಯಿತು. ರಾಸಾಯನಿಕ ಹಾಕಿದಾಗ ಮತ್ತೆ 11 ಬಂತು. ಮೊದಲಿದ್ದ ತೈಲಕ್ಕೆ ಹೋಲಿಸಿದರೆ ಹೆಚ್ಚಳ ಶೇ 11. ಉಳಿದಿದ್ದ ತೈಲಕ್ಕೆ ಹೋಲಿಸಿದರೆ ಶೇ 20. ಆಗಲೇ ಬಂದಿದ್ದ ತೈಲಕ್ಕೆ ಹೋಲಿಸಿದರೆ ಶೇ 24. ಮೂರೂ ಸತ್ಯ, ಮೂರಕ್ಕೂ ಹಿಂದೆ ಇರುವುದು ಅದೇ 11 ಪಾಲು. ಪ್ರಬಂಧದ ಕೋಷ್ಟಕದಲ್ಲಿ ಛೇದ ಯಾವುದೆಂದು ಕಂಡುಕೊಳ್ಳದೆ ಎರಡು ಪ್ರಬಂಧಗಳ ಶೇಕಡಾಗಳನ್ನು ಹೋಲಿಸಲೇಬೇಡಿ. ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ.

ಮುಂದಿನ ಪ್ರಶ್ನೆ, ಪ್ರಯೋಗದ ಗಾತ್ರ ಎಷ್ಟು ಎಂಬುದು. ಪ್ರಯೋಗಾಲಯದಲ್ಲಿ ಬಳಸುವ ಕಲ್ಲಿನ ತುಂಡು, ಅಂದರೆ ಕೋರ್, ಸಾಮಾನ್ಯವಾಗಿ ಒಂದೂವರೆ ಇಂಚು ವ್ಯಾಸದ ಸಿಲಿಂಡರು. ಅದರ ಉದ್ದ ಮೂರು ಇಂಚು ಎಂದುಕೊಂಡರೆ ಗಾತ್ರ ಸುಮಾರು 87 ಮಿಲಿಲೀಟರು. ಪೊರಾಸಿಟಿ ಶೇ 20 ಇದ್ದರೆ ರಂಧ್ರಗಳ ಒಟ್ಟು ಜಾಗ 17 ಮಿಲಿಲೀಟರು, ಅಂದರೆ ಮೂರೂವರೆ ಟೀ ಚಮಚ. ಅದರಲ್ಲೂ ಒಂದಿಷ್ಟು ಜಾಗವನ್ನು ನೀರು ಹಿಡಿದಿರುತ್ತದೆ. ತೈಲ 13 ಮಿಲಿಲೀಟರು ಎಂದಿಟ್ಟುಕೊಂಡರೆ, ಶೇ 2ರ ಹೆಚ್ಚಳವೆಂದರೆ ಐದಾರು ಹನಿ. ಗಾಜಿನ ಅಳತೆ ನಳಿಗೆಯ ಗೋಡೆಗೆ ಅಂಟಿಕೊಳ್ಳುವ ತೈಲವೇ ಅಷ್ಟಿರಬಹುದು. ಆದ್ದರಿಂದ ಪ್ರಯೋಗವನ್ನು ಎಷ್ಟು ಕೋರ್‌ಗಳ ಮೇಲೆ ಮರುಕಳಿಸಿದ್ದಾರೆ, ಅಳತೆಯ ದೋಷ ಎಷ್ಟೆಂದು ಹೇಳಿದ್ದಾರೆಯೇ, ಬಳಸಿದ ತಾಪಮಾನ ಮತ್ತು ಉಪ್ಪಿನಂಶ ನಿಜವಾದ ನಿಕ್ಷೇಪದ್ದೇ, ಇಲ್ಲ ಕೋಣೆಯ ತಾಪಮಾನದ ಸಾದಾ ನೀರೇ ಎಂಬುದನ್ನು ವಿಧಾನದ ಭಾಗದಲ್ಲಿ ನೋಡಿ.

ಚಮಚದಿಂದ ಕ್ಷೇತ್ರಕ್ಕೆ ಹೋಗುವ ದಾರಿ ಉದ್ದವಾದದ್ದು. ರಾಜಸ್ಥಾನದ ಬಾಡ್‌ಮೇರ್‌ನಲ್ಲಿ 2004ರಲ್ಲಿ ಪತ್ತೆಯಾದ ಮಂಗಳಾ ಕ್ಷೇತ್ರದಲ್ಲಿ (ನಮ್ಮ ಮಂಗಳೂರಿಗೂ ಅದಕ್ಕೂ ಸಂಬಂಧವಿಲ್ಲ) ಪಾಲಿಮರ್ ಬಳಸುವ ಮುನ್ನ ಪ್ರಯೋಗಾಲಯದ ಕೆಲಸವಾಗಿ, ಕ್ಷೇತ್ರದ ಒಂದು ಚಿಕ್ಕ ಭಾಗದಲ್ಲಿ ಪೈಲಟ್ ಪರೀಕ್ಷೆ ನಡೆದು, ಆಮೇಲಷ್ಟೇ ಇಡೀ ಕ್ಷೇತ್ರಕ್ಕೆ ವಿಸ್ತರಣೆಯಾಯಿತು. ನಿಮ್ಮ ಕೈಯಲ್ಲಿರುವ ಪ್ರಬಂಧ ಈ ಮೂರರಲ್ಲಿ ಯಾವ ಮೆಟ್ಟಿಲಿನದು ಎಂದು ಗುರುತಿಸಿದರೆ ಅರ್ಧ ಗೊಂದಲ ಹೋಗುತ್ತದೆ.

ನಿಕ್ಷೇಪದ ಸುದ್ದಿಗಳಿಗೂ ಒಂದು ಮಾತು. ನೆಲದಡಿ ಇರುವ ತೈಲ ಬೇರೆ, ಈಗಿನ ತಂತ್ರ ಮತ್ತು ಬೆಲೆಯಲ್ಲಿ ತೆಗೆಯಬಹುದಾದ ತೈಲ ಬೇರೆ. ರಿಸರ್ವ್ ಎಂಬ ಪದ ಎರಡನೆಯದಕ್ಕೆ ಮಾತ್ರ ಸಲ್ಲುತ್ತದೆ. ದೊಡ್ಡ ಕಂಪನಿಗಳೂ ಇಲ್ಲಿ ಜಾರಿವೆ: 2004ರ ಜನವರಿಯಲ್ಲಿ ಶೆಲ್ ಕಂಪನಿ ತನ್ನ 390 ಕೋಟಿ ಬ್ಯಾರೆಲ್ ತೈಲಕ್ಕೆ ಸಮನಾದ ತೈಲ ಮತ್ತು ಅನಿಲವನ್ನು ಖಚಿತ ರಿಸರ್ವ್ ಪಟ್ಟಿಯಿಂದ ಕೆಳಗಿಳಿಸಬೇಕಾಯಿತು. ನೆಲದೊಳಗಿನ ತೈಲದಲ್ಲಿ ಒಂದು ಹನಿಯೂ ಕಡಿಮೆಯಾಗಿರಲಿಲ್ಲ, ಬದಲಾದದ್ದು ಅದನ್ನು ಕರೆಯುವ ಹೆಸರು.

ಹಂತ 6: ಮೀನು ಮತ್ತು ಸಿಗಡಿಯಾದರೆ, ತೊಟ್ಟಿಗಳನ್ನು ಎಣಿಸಿ

ಒಂದು ಪ್ರಬಂಧದಲ್ಲಿ 90 ಮೀನುಗಳಿಗೆ ಹೊಸ ಆಹಾರ, 90 ಮೀನುಗಳಿಗೆ ಮಾಮೂಲಿ ಆಹಾರ ಎಂದಿರುತ್ತದೆ. ವಿಧಾನದ ಭಾಗಕ್ಕೆ ಹೋದರೆ ಗುಂಪಿಗೆ ಮೂರು ತೊಟ್ಟಿ, ತೊಟ್ಟಿಗೆ 30 ಮೀನು ಎಂದು ತಿಳಿಯುತ್ತದೆ. ಒಂದೇ ತೊಟ್ಟಿಯ ಮೀನುಗಳು ಅದೇ ನೀರು ಕುಡಿದು, ಅದೇ ಗಾಳಿ ಪಡೆದು, ಒಂದರ ರೋಗವನ್ನು ಇನ್ನೊಂದಕ್ಕೆ ಹಂಚುತ್ತವೆ. ಹಾಗಾಗಿ ಇಲ್ಲಿ ಸ್ವತಂತ್ರ ಸಾಕ್ಷಿಗಳು 90 ಅಲ್ಲ, 3. ಒಂದೇ ಚೆರಿಗೆಯ 30 ಅಗುಳು ಹಿಸುಕಿದರೂ ತಿಳಿಯುವುದು ಆ ಚೆರಿಗೆಯ ವಿಷಯ ಮಾತ್ರ. ಗುಂಪಿಗೆ ಒಂದೇ ತೊಟ್ಟಿ ಇಟ್ಟ ಪ್ರಯೋಗವಾದರೆ, ವ್ಯತ್ಯಾಸ ಬಂದದ್ದು ಆಹಾರದಿಂದಲೋ ತೊಟ್ಟಿಯಿಂದಲೋ ಎಂದು ಯಾರೂ ಹೇಳಲಾರರು. ಅಂಥದ್ದನ್ನು ಅಲ್ಲಿಗೇ ಮುಚ್ಚಿಡಿ.

ಲಸಿಕೆ ಮತ್ತು ರೋಗನಿರೋಧಕ ಆಹಾರದ ಪ್ರಬಂಧಗಳಲ್ಲಿ ಆರ್‌ಪಿಎಸ್ ಎಂಬ ಅಂಕಿ ಕಾಣುತ್ತದೆ. ರೋಗಾಣು ಕೊಟ್ಟ ಮೇಲೆ ಲಸಿಕೆ ಪಡೆದ ಗುಂಪಿನ ಸಾವು, ಪಡೆಯದ ಗುಂಪಿನ ಸಾವಿಗಿಂತ ಶೇಕಡಾ ಎಷ್ಟು ಕಡಿಮೆ ಎಂಬುದೇ ಅದು. ಲಸಿಕೆ ಇಲ್ಲದ ಗುಂಪಿನಲ್ಲಿ ಶೇ 80, ಇರುವ ಗುಂಪಿನಲ್ಲಿ ಶೇ 20 ಸತ್ತರೆ ಆರ್‌ಪಿಎಸ್ 75. ಇಲ್ಲದ ಗುಂಪಿನಲ್ಲಿ ಶೇ 8, ಇರುವ ಗುಂಪಿನಲ್ಲಿ ಶೇ 2 ಸತ್ತರೂ ಆರ್‌ಪಿಎಸ್ 75. ಎರಡನೆಯ ಪ್ರಯೋಗದಲ್ಲಿ ರೋಗಾಣುವೇ ಸರಿಯಾಗಿ ತಗುಲಿಲ್ಲ. ಮಾರಾಟಗಾರರ ಕರಪತ್ರದಲ್ಲಿ 75 ಮಾತ್ರ ಇರುತ್ತದೆ. ಲಸಿಕೆ ಇಲ್ಲದ ಗುಂಪಿನ ಸಾವಿನ ಪ್ರಮಾಣವನ್ನು ಕೇಳಿ ಪಡೆಯಿರಿ. ರೋಗಾಣುವನ್ನು ಸೂಜಿಯಿಂದ ಚುಚ್ಚಿದರೋ, ನೀರಿಗೆ ಬಿಟ್ಟರೋ ಎಂಬುದನ್ನೂ ನೋಡಿ, ಏಕೆಂದರೆ ನಿಮ್ಮ ಹೊಂಡದಲ್ಲಿ ಯಾರೂ ಸೂಜಿ ಚುಚ್ಚುವುದಿಲ್ಲ.

ಹೊಂಡದ ಮಾಲೀಕರು ಪದೇ ಪದೇ ಎಡವುವ ಮತ್ತೊಂದು ಜಾಗ, ಪರೀಕ್ಷಾ ವರದಿ. ಪಿಸಿಆರ್ ಎಂಬುದು ರೋಗಾಣುವಿನ ಆನುವಂಶಿಕ ವಸ್ತುವಿನ ಒಂದು ತುಣುಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಪತ್ತೆಹಚ್ಚುವ ವಿಧಾನ. ಅದು ಪಾಸಿಟಿವ್ ಬಂದರೆ ತುಣುಕು ಇದೆ ಎಂದು ಅರ್ಥ. ರೋಗಾಣು ಜೀವಂತವಾಗಿದೆ ಎಂದಾಗಲಿ, ಸಿಗಡಿ ಸಾಯುತ್ತಿರುವುದು ಅದರಿಂದಲೇ ಎಂದಾಗಲಿ ಅದೊಂದೇ ಹೇಳುವುದಿಲ್ಲ. ಬಿಳಿ ಚುಕ್ಕೆ ರೋಗದ ವೈರಸ್ಸನ್ನು ಏಡಿಗಳು ತಾವು ಸಾಯದೆ ಹೊತ್ತು ತಿರುಗಬಲ್ಲವು. ಇದಕ್ಕಿಂತ ಸೂಕ್ಷ್ಮವಾದ ಪಾಠ ಇಎಂಎಸ್ ಎಂದು ಹೆಸರಾದ, ಬಿತ್ತಿದ ಕೆಲವೇ ವಾರಗಳಲ್ಲಿ ಸಿಗಡಿಮರಿಗಳನ್ನು ಕೊಲ್ಲುವ ರೋಗದ್ದು. ಚೀನಾದಲ್ಲಿ 2009ರ ಸುಮಾರಿಗೆ ಕಾಣಿಸಿ, ಆಗ್ನೇಯ ಏಷ್ಯಾಕ್ಕೆ ಹಬ್ಬಿದ ಅದರ ಕಾರಣವನ್ನು 2013ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ತಂಡ ಗುರುತಿಸಿತು: ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ. ಆದರೆ ಈ ಬ್ಯಾಕ್ಟೀರಿಯಾ ಕರಾವಳಿಯ ನೀರಿನಲ್ಲಿ ಎಲ್ಲೆಡೆ ಇರುವಂಥದ್ದು. ಕೊಲ್ಲುವುದು ಪಿರ್-ಎ ಮತ್ತು ಪಿರ್-ಬಿ ಎಂಬ ಎರಡು ವಿಷಗಳ ಜೀನ್‌ಗಳನ್ನು ಹೊತ್ತ ತಳಿಗಳು ಮಾತ್ರ. ಬರಿಯ "ವಿಬ್ರಿಯೊ ಇದೆ" ಎಂಬ ವರದಿ ಹಿಡಿದು ಔಷಧ ಸುರಿದರೆ ಹಣ ನೀರಿಗೆ ಹೋಗುತ್ತದೆ.

ಆ್ಯಂಟಿಬಯಾಟಿಕ್ ಸುರಿದರೆ ಹಣಕ್ಕಿಂತ ಹೆಚ್ಚಿನದು ಹೋಗುತ್ತದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಕರುಣಾಸಾಗರ್ ದಂಪತಿ ಮತ್ತು ಸಂಗಡಿಗರು 1994ರಲ್ಲೇ, ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗದ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾದಿಂದ ಹುಲಿ ಸಿಗಡಿಯ ಮರಿಗಳು ಸಾಮೂಹಿಕವಾಗಿ ಸತ್ತದ್ದನ್ನು ಅಕ್ವಾಕಲ್ಚರ್ ಪತ್ರಿಕೆಯಲ್ಲಿ ದಾಖಲಿಸಿದ್ದರು.

ಹಂತ 7: ಶ್ವಾಸಕೋಶವಾದರೆ, ಇನ್ನೊಂದು ಗುಂಪಿನ ಗತಿ ಏನಾಯಿತು ಎಂದು ನೋಡಿ

ಚಿಕಿತ್ಸೆ ಪಡೆದವರು ಗುಣವಾದರು ಎಂಬುದರಿಂದ ಏನೂ ತಿಳಿಯುವುದಿಲ್ಲ, ಪಡೆಯದವರು ಏನಾದರು ಎಂದು ಗೊತ್ತಿಲ್ಲದಿದ್ದರೆ. ರ‍್ಯಾಂಡಮೈಸ್ಡ್ ಟ್ರಯಲ್ ಎಂದರೆ ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ತೀರ್ಮಾನಿಸುವ ಪ್ರಯೋಗ. ಆಧುನಿಕ ವೈದ್ಯಕೀಯದಲ್ಲಿ ಇದರ ಮಾದರಿಯಾದದ್ದೇ ಶ್ವಾಸಕೋಶದ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ, 1948ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗ. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ, ಪಡೆಯದ 52 ಜನರಲ್ಲಿ 14 ಮಂದಿ ತೀರಿಕೊಂಡರು. ಆದರೆ ಔಷಧ ಪಡೆದ ಹಲವರಲ್ಲಿ ರೋಗಾಣು ಪ್ರತಿರೋಧ ಬೆಳೆಸಿಕೊಂಡು, ವರ್ಷಗಳು ಕಳೆದಂತೆ ಆ ಅಂತರ ಬಹಳ ಕಿರಿದಾಯಿತು. ಪ್ರಬಂಧ ರೋಗಿಗಳನ್ನು ಎಷ್ಟು ಕಾಲ ಹಿಂಬಾಲಿಸಿದೆ ಎಂದು ನೋಡಬೇಕಾದ್ದು ಇದಕ್ಕಾಗಿ.

ಹೋಲಿಕೆಯ ಗುಂಪು ಇಲ್ಲದ ಅನುಭವ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್, ಅಂದರೆ ಕಾರಣ ತಿಳಿಯದೆ ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾಗುತ್ತಾ ಹೋಗುವ ಕಾಯಿಲೆಯೇ ಸಾಕ್ಷಿ. ಪ್ರೆಡ್ನಿಸೋನ್, ಅಜಥಯೊಪ್ರಿನ್ ಮತ್ತು ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮೂರು ಔಷಧಗಳನ್ನು ಒಟ್ಟಿಗೆ ಕೊಡುವುದು ಆಗ ವ್ಯಾಪಕ ರೂಢಿಯಾಗಿತ್ತು. 2012ರಲ್ಲಿ ಪ್ರಕಟವಾದ ಪ್ಯಾಂಥರ್ ಪ್ರಯೋಗ ಅದನ್ನು ಔಷಧವಿಲ್ಲದ ಹುಸಿ ಮಾತ್ರೆಯೊಂದಿಗೆ ಹೋಲಿಸಿದಾಗ, ಔಷಧದ ಗುಂಪಿನಲ್ಲಿ 8 ಸಾವು, ಹುಸಿ ಮಾತ್ರೆಯ ಗುಂಪಿನಲ್ಲಿ 1 ಸಾವು ಕಂಡು, ಆ ಭಾಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಇದೇ ಕಾಯಿಲೆಗೆ 2014ರಲ್ಲಿ ನಿಂಟೆಡಾನಿಬ್ ಔಷಧದ ಫಲಿತಾಂಶ ಬಂದಾಗ ಪರಿಹಾರ ಸಿಕ್ಕಿತೆಂಬ ಸುದ್ದಿಗಳಾದವು. ಕೋಷ್ಟಕ ಹೇಳುವುದು ಇಷ್ಟು: ಒಂದು ಪ್ರಯೋಗದಲ್ಲಿ, ಪೂರ್ತಿ ಉಸಿರೆಳೆದು ಬಲವಾಗಿ ಹೊರಹಾಕಬಹುದಾದ ಗಾಳಿಯ ಪ್ರಮಾಣ ವರ್ಷಕ್ಕೆ ಹುಸಿ ಮಾತ್ರೆಯವರಲ್ಲಿ ಸುಮಾರು 240 ಮಿಲಿಲೀಟರು ಕುಸಿದರೆ, ಔಷಧದವರಲ್ಲಿ ಸುಮಾರು 115 ಮಿಲಿಲೀಟರು ಕುಸಿಯಿತು. ಕುಸಿತ ನಿಧಾನವಾಯಿತು, ನಿಲ್ಲಲಿಲ್ಲ. ರೋಗಿಯ ಮನೆಯವರಿಗೆ ಈ ಎರಡು ಕ್ರಿಯಾಪದಗಳ ವ್ಯತ್ಯಾಸ ಬಹಳ ದೊಡ್ಡದು.

ಶೇಕಡಾದ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ. ವಿಪರೀತ ಸಿಗರೇಟು ಸೇದಿದ 53,454 ಜನರ ಮೇಲೆ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎದೆಯ ಎಕ್ಸ್‌ರೇ ಬದಲು ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಿದವರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ 20 ಕಡಿಮೆಯಾಯಿತು. ಮೂಲ ಅಂಕಿಗಳಲ್ಲಿ ಅದು, ಒಂದು ಲಕ್ಷ ಜನರನ್ನು ಒಂದು ವರ್ಷ ಗಮನಿಸಿದರೆ 309ರ ಬದಲು 247 ಸಾವು. ಪ್ರಯೋಜನ ನಿಜ. ಆದರೆ ಸ್ಕ್ಯಾನ್‌ನಲ್ಲಿ ಅನುಮಾನಾಸ್ಪದವೆಂದು ಕಂಡದ್ದರಲ್ಲಿ ಶೇ 96ಕ್ಕೂ ಹೆಚ್ಚು ಕ್ಯಾನ್ಸರ್ ಆಗಿರಲಿಲ್ಲ. ಸಿಗರೇಟು ಮುಟ್ಟದ ಮೂವತ್ತರ ವಯಸ್ಸಿನವರಿಗೆ ಹೆಲ್ತ್ ಪ್ಯಾಕೇಜಿನಲ್ಲಿ ಇದೇ ಸ್ಕ್ಯಾನ್ ಮಾರುವಾಗ ಈ ಪ್ರಯೋಗವನ್ನು ಉಲ್ಲೇಖಿಸುವುದು ಸರಿಯಲ್ಲ. ಅದರಲ್ಲಿದ್ದವರು 55ರಿಂದ 74 ವರ್ಷದವರು.

ಪಿ-ಮೌಲ್ಯ ಎಂಬ ಅಂಕಿಯ ಬಗ್ಗೆ ಬಹಳ ಪ್ರಶ್ನೆಗಳು ಬರುತ್ತವೆ. ಚಿಕಿತ್ಸೆಗೆ ಯಾವ ಪರಿಣಾಮವೂ ಇಲ್ಲದಿದ್ದರೂ ಕೇವಲ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣಿಸಿಕೊಳ್ಳುವ ಸಂಭವ ಎಷ್ಟೆಂಬುದು ಅದು; 0.05ಕ್ಕಿಂತ ಕಡಿಮೆ ಇದ್ದರೆ ಗಣನೀಯ ಎನ್ನುವುದು ರೂಢಿ. 2007ರ ಟಾರ್ಚ್ ಪ್ರಯೋಗದಲ್ಲಿ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ ಇದ್ದ 6,112 ಜನರನ್ನು ಮೂರು ವರ್ಷ ಹಿಂಬಾಲಿಸಿದರು. ಎರಡು ಔಷಧಗಳ ಇನ್‌ಹೇಲರ್ ಪಡೆದವರಲ್ಲಿ ಶೇ 12.6, ಹುಸಿ ಔಷಧದವರಲ್ಲಿ ಶೇ 15.2 ಸಾವು, ಪಿ-ಮೌಲ್ಯ 0.052. ಗೆರೆಯಿಂದ ಕೂದಲೆಳೆಯಷ್ಟು ಹೊರಗೆ. ಇದನ್ನು "ಪ್ರಯೋಜನವಿಲ್ಲ" ಎಂದು ಓದುವುದೂ ತಪ್ಪು, "ಜೀವ ಉಳಿಸುತ್ತದೆ" ಎಂದು ಓದುವುದೂ ತಪ್ಪು.

ಈಗ ತೊಟ್ಟಿಗಳ ಮಾತನ್ನು ಮನುಷ್ಯರಿಗೆ ಅನ್ವಯಿಸಿ ನೋಡೋಣ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ರೇಷನ್ಸ್ ಪ್ರಯೋಗದ ಪ್ರಶ್ನೆ ಸರಳ: ಕ್ಷಯರೋಗಿಯ ಮನೆಯವರಿಗೆ ಹೊಟ್ಟೆ ತುಂಬ ಊಟ ಸಿಕ್ಕರೆ ಅವರಿಗೆ ಕ್ಷಯ ತಗುಲುವುದು ಕಡಿಮೆಯಾಗುತ್ತದೆಯೇ? ರೋಗಿಗಳಿಗೆ ಎರಡೂ ಗುಂಪುಗಳಲ್ಲಿ ಆಹಾರದ ಕಿಟ್ ಕೊಟ್ಟರು. ಮನೆಯವರಿಗೆ ಒಂದು ಗುಂಪಿನಲ್ಲಿ ಮಾತ್ರ, ವಯಸ್ಕರಿಗೆ ತಿಂಗಳಿಗೆ 5 ಕೆಜಿ ಅಕ್ಕಿ ಮತ್ತು ಒಂದೂವರೆ ಕೆಜಿ ಬೇಳೆ. ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದರೂ ಚೀಟಿ ಎತ್ತಿದ್ದು ಒಬ್ಬೊಬ್ಬರಿಗಲ್ಲ, 28 ಕ್ಷಯ ಘಟಕಗಳಿಗೆ, ಅಂದರೆ ಕ್ಷಯ ಕಾರ್ಯಕ್ರಮದ ಆಡಳಿತ ಪ್ರದೇಶಗಳಿಗೆ. ಒಂದೇ ಮನೆಯವರು ಒಂದೇ ಗಾಳಿ, ಒಂದೇ ಅಡುಗೆ ಹಂಚಿಕೊಳ್ಳುವವರು. ಪಕ್ಕದ ಮನೆಗೆ ಕೊಟ್ಟು ಈ ಮನೆಗೆ ಕೊಡದಿದ್ದರೆ ಅಕ್ಕಿ ಗೋಡೆ ದಾಟುತ್ತದೆ. ಇಲ್ಲಿ ಘಟಕವೇ ತೊಟ್ಟಿ. ಲೇಖಕರು ಅದನ್ನು ಬಲ್ಲವರಾದ್ದರಿಂದ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಮಾಡಿದರು. ಎಲ್ಲ ಬಗೆಯ ಕ್ಷಯ ಶೇ 39 ಕಡಿಮೆಯಾಯಿತು. ಮೂಲ ಅಂಕಿಯಲ್ಲಿ ಶೇ 2.6ರ ಬದಲು ಶೇ 1.7 ಜನರಿಗೆ ಕ್ಷಯ ಬಂತು. ಸ್ಕ್ಯಾನ್‌ನ ಉದಾಹರಣೆಯಂತೆ ಇಲ್ಲೂ ನೇರ ವ್ಯತ್ಯಾಸ ಚಿಕ್ಕದಾಗಿಯೇ ಕಾಣುತ್ತದೆ, ಆದರೆ ಬೇಳೆಗೆ ಅಡ್ಡಪರಿಣಾಮವಿಲ್ಲ. ಅಂಕಿಯನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು.

ಹಂತ 8: ಮೊದಲು ಏನು ಹೇಳಿದ್ದರು, ಆಮೇಲೆ ಏನಾಯಿತು ಎಂದು ಹುಡುಕಿ

ವೈದ್ಯಕೀಯ ಪ್ರಯೋಗವಾದರೆ ಅದರ ನೋಂದಣಿ ಸಂಖ್ಯೆ ಸಾರಾಂಶದ ಕೊನೆಯಲ್ಲಿರುತ್ತದೆ. ಭಾರತದ ನೋಂದಣಿ ಪುಸ್ತಕವಾದ ಸಿಟಿಆರ್‌ಐ 2007ರಿಂದ ಇದೆ, ಯಾರು ಬೇಕಾದರೂ ನೋಡಬಹುದು. ಪ್ರಯೋಗ ಶುರುವಾಗುವ ಮೊದಲು ಮುಖ್ಯ ಅಳತೆ ಯಾವುದೆಂದು ಅಲ್ಲಿ ಬರೆದಿರುತ್ತಾರೆ. ಅಲ್ಲಿ ಸಾವಿನ ಪ್ರಮಾಣ ಎಂದಿದ್ದು, ಪ್ರಬಂಧದಲ್ಲಿ ಕೆಮ್ಮಿನ ಅಂಕ ಮುಖ್ಯ ಅಳತೆಯಾಗಿ ಬಂದಿದ್ದರೆ, ಬಾಣ ಬಿಟ್ಟ ಮೇಲೆ ಗುರಿಯ ವೃತ್ತ ಬರೆದಿದ್ದಾರೆ ಎಂದರ್ಥ.

ಹಿಂತೆಗೆತವಾಗಿದೆಯೇ, ಅಂದರೆ ಪ್ರಕಟವಾದ ಮೇಲೆ ಪ್ರಬಂಧವನ್ನು ವಾಪಸು ಪಡೆದಿದ್ದಾರೆಯೇ ಎಂದೂ ನೋಡಿ. ಪಬ್‌ಮೆಡ್‌ನಲ್ಲಿ ಹಿಂತೆಗೆದ ಪ್ರಬಂಧದ ಜೊತೆಗೇ ಆ ಸೂಚನೆ ಇರುತ್ತದೆ. ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೊರೊಕ್ವಿನ್ ಹಾನಿಕರ ಎಂದು 2020ರ ಮೇ 22ರಂದು ಲ್ಯಾನ್ಸೆಟ್‌ನಲ್ಲಿ ಬಂದ ಪ್ರಬಂಧ, ಅದರ ಮೂಲ ದತ್ತಾಂಶವನ್ನು ತಾಳೆ ನೋಡಲಾಗದೆ ಜೂನ್ 4ಕ್ಕೆ ವಾಪಸಾಯಿತು. ಔಷಧ ಕೆಲಸ ಮಾಡುವುದಿಲ್ಲವೆಂದು ಬೇರೆ ಪ್ರಯೋಗಗಳು ಆಮೇಲೆ ತೋರಿಸಿದವು, ಅದು ಬೇರೆ ಮಾತು. ಈ ಪ್ರಬಂಧ ಅದಕ್ಕೆ ಸಾಕ್ಷಿಯಲ್ಲ. ಹಣ ಕೊಟ್ಟವರು ಯಾರೆಂಬುದನ್ನು ಕೊನೆಯ ಪುಟದಲ್ಲಿ ಓದಿ, ಆದರೆ ಕಂಪನಿಯ ಹಣ ಎಂದ ಮಾತ್ರಕ್ಕೆ ತಳ್ಳಿಹಾಕಬೇಡಿ. ಟಾರ್ಚ್ ಪ್ರಯೋಗಕ್ಕೆ ಹಣ ಹಾಕಿದ್ದೂ ಔಷಧ ಕಂಪನಿಯೇ, 0.052 ಎಂದು ಅಚ್ಚು ಹಾಕಿಸಿದ್ದೂ ಅದೇ ಪ್ರಬಂಧ.

ಇಷ್ಟಾದ ಮೇಲೆ ವೈದ್ಯರ ಬಳಿಗೋ, ಮೀನುಗಾರಿಕಾ ಕಾಲೇಜಿನ ಪ್ರಯೋಗಾಲಯಕ್ಕೋ ಹೋಗುವವರು ಸುದ್ದಿಯ ಸ್ಕ್ರೀನ್‌ಶಾಟ್ ಒಯ್ಯಬೇಡಿ. ಪ್ರಬಂಧದ ಮುಖ್ಯ ಕೋಷ್ಟಕವಿರುವ ಪುಟವನ್ನು ಮುದ್ರಿಸಿಕೊಂಡು, ನಿಮಗೆ ಸಂಬಂಧಿಸಿದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ರೋಗಿಯ ವಯಸ್ಸು ಮತ್ತು ಈಗಿನ ಔಷಧಗಳನ್ನು, ಅಥವಾ ಹೊಂಡದ ಅಳತೆ, ಉಪ್ಪಿನಂಶ ಮತ್ತು ಬಿತ್ತನೆಯ ದಿನವನ್ನು ಬರೆದುಕೊಂಡು ಹೋಗಿ. ಕೇಳಬೇಕಾದ ಪ್ರಶ್ನೆ ಒಂದೇ: ಈ ಕೋಷ್ಟಕದಲ್ಲಿರುವವರಿಗೂ ನಮಗೂ ಏನು ವ್ಯತ್ಯಾಸ?